ಮೂವರು ಕೂತು ಮಾತಾಡಬೇಕಾದ ಮದುವೆ

ಫೆಬ್ರವರಿ 4, ಶನಿವಾರ

ನಿನ್ನೆ ಸಂಜೆ ಪಾಪು ಬಂದಿದ್ದಳು, ಜೊತೆಗೆ ಆ ಹುಡುಗನೂ ಇದ್ದ. ಇಪ್ಪತ್ತೈದು ತುಂಬಿದವಳನ್ನು ಪಾಪು ಅನ್ನಬೇಡ ಅಂತ ಅವಳು ಎಷ್ಟೋ ಸಲ ಹೇಳಿದ್ದಾಳೆ. ಇದು ನನ್ನ ಪುಸ್ತಕ, ಇಲ್ಲಿ ಕೇಳೋರು ಯಾರೂ ಇಲ್ಲ. ಪುಸ್ತಕ ಅಂದರೆ ಅಂಗಡಿಯಲ್ಲಿ ಖಾಲಿ ಉಳಿದಿದ್ದ ಆರ್ಡರ್ ಪುಸ್ತಕ. ಪ್ರತಿ ಪುಟದಲ್ಲೂ ಬಲಗಣ್ಣು, ಎಡಗಣ್ಣು ಅಂತ ಎರಡು ಅಂಕಣ ಅಚ್ಚಾಗಿದೆ. ಅದನ್ನು ಲೆಕ್ಕಿಸದೆ ಉದ್ದಕ್ಕೂ ಬರೆಯುತ್ತಿದ್ದೇನೆ.

ಮದುವೆ ಆಗುತ್ತಾರಂತೆ. ಗೊತ್ತಿದ್ದ ವಿಷಯವೇ. ಇಬ್ಬರೂ ಒಂದೇ ಆಸ್ಪತ್ರೆಯಲ್ಲಿ, ಅವಳು ಎಕ್ಸ್‌ರೇ ವಿಭಾಗದಲ್ಲಿ, ಅವನು ನರ್ಸ್. ತಂದೆತಾಯಿ ಇಲ್ಲದ ಹುಡುಗ, ಒಬ್ಬಳು ಅಕ್ಕ ಇದ್ದಾಳೆ. ಮಾತು ಕಡಿಮೆ. ಕುರ್ಚಿಯ ತುದಿಯಲ್ಲಿ ಕೂತು ಕಾಫಿ ಮುಗಿಸಿ, ಲೋಟ ತೊಳೆಯಲು ತಾನೇ ಎದ್ದ. ಪರವಾಗಿಲ್ಲ ಅನ್ನಿಸಿತು.

ಆಮೇಲೆ ಪಾಪು ವಿಷಯಕ್ಕೆ ಬಂದಳು. ಮೇ ತಿಂಗಳಲ್ಲಿ ರಿಜಿಸ್ಟರ್ ಕಚೇರಿಯಲ್ಲಿ ಮದುವೆ, ಆಮೇಲೆ ಒಂದು ಹಾಲ್‌ನಲ್ಲಿ ನೆಂಟರಿಗೆಲ್ಲ ಊಟ. ಯಾವ ಹಾಲ್, ಎಷ್ಟು ಜನ, ಕಾರ್ಡು ಹೇಗಿರಬೇಕು ಅನ್ನುವುದೆಲ್ಲ ದೊಡ್ಡವರಿಗೆ ಬಿಟ್ಟಿದ್ದಾಳಂತೆ.

"ಒಂದೇ ಒಂದು ಮಾತು, ಅಪ್ಪ. ನೀನು, ಅಮ್ಮ, ಮೇಷ್ಟ್ರು, ಮೂರು ಜನ ಒಂದು ಸಲ ಕೂತು ಮಾತಾಡ್ಬೇಕು."

ನನ್ನಿಂದಾಗದು ಅಂದೆ. ಆಕೆಯ ಜೊತೆ ಬೇಕಾದರೆ ಒಂದು ಗಂಟೆ ಕೂರುತ್ತೇನೆ, ಆಕೆಯನ್ನು ಆಮೇಲೆ ಮದುವೆಯಾದ ಆ ಮನುಷ್ಯನ ಜೊತೆ ಆಗದು. ಪಾಪು ಎದ್ದಳು. ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು.

ಎಂಟು ಗಂಟೆ ಆಯಿತು. ಕೆಳಗೆ ಕನ್ನಡಕದ ಅಂಗಡಿ ತೆಗೆಯಬೇಕು.

ಫೆಬ್ರವರಿ 6, ಸೋಮವಾರ

ಪಾಪುವಿನ ತಾಯಿ ಒಪ್ಪಿದ್ದಾರಂತೆ. ಬರುವ ಭಾನುವಾರ ಬಸ್ ನಿಲ್ದಾಣದ ಎದುರಿನ ಬೇಕರಿಯಲ್ಲಿ. ನಾವಿಬ್ಬರೇ.

ಹದಿಮೂರು ವರ್ಷದಿಂದ ಆಕೆಯ ಜೊತೆ ಎದುರುಬದುರು ಕೂತು ಮಾತಾಡಿಲ್ಲ. ಏನಿದ್ದರೂ ಪಾಪುವಿನ ಕೈಲಿ ಚೀಟಿ ಕಳಿಸುತ್ತಿದ್ದೆವು. ಈಗ ಸಿಕ್ಕಾಗ ಏನಂತ ಕರೆಯುವುದು? ಮೊದಲು 'ನೀನು' ಅನ್ನುತ್ತಿದ್ದೆ. ಈಗ ಅದು ಬೇರೆಯವರ ಹೆಂಡತಿಗೆ ಅನ್ನುವ ಮಾತಲ್ಲ. 'ನೀವು' ಅಂದುಬಿಡುವುದು ಅಂತ ತೀರ್ಮಾನಿಸಿದೆ. ಆಕೆ ಮೊದಲಿಂದಲೂ ನನಗೆ ಬಹುವಚನವೇ, ಆ ಕಡೆ ತೊಂದರೆಯಿಲ್ಲ.

ಮೊದಲ ಸಲ ಆಕೆ ಈ ಅಂಗಡಿಗೆ ಬಂದದ್ದು ತನ್ನ ಅಮ್ಮನ ಕನ್ನಡಕ ಮಾಡಿಸಲು. ಆಗ ಅಂಗಡಿ ನನ್ನಪ್ಪನದು, ನಾನು ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜುತ್ತಿದ್ದೆ. ಆ ಕನ್ನಡಕದಲ್ಲಿ ನೆಲ ಇಳಿಜಾರಾಗಿ ಕಾಣುತ್ತದೆ ಅಂತ ಆಕೆ ಮತ್ತೆ ಬಂದಳು. ಸರಿಮಾಡಿ ಕೊಟ್ಟೆ. ಮೂರನೆಯ ಸಲವೂ ಬಂದಳು. ಆಗ ಕನ್ನಡಕ ಸರಿಯಾಗೇ ಇತ್ತು.

ಫೆಬ್ರವರಿ 12, ಭಾನುವಾರ

ಬೇಕರಿಯಿಂದ ಬಂದು ಮಧ್ಯಾಹ್ನದ ಊಟ ಮಾಡದೆ ಬರೆಯುತ್ತಿದ್ದೇನೆ.

ಆಕೆ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಕೂದಲಿಗೆ ಬಣ್ಣ ಹಾಕುವುದನ್ನು ಬಿಟ್ಟಿದ್ದಾರೆ. ಕೈಯಲ್ಲಿ ಉದ್ದದ ಹಾಳೆ, ಅದರಲ್ಲಿ ಕರೆಯಬೇಕಾದವರ ಪಟ್ಟಿ. ಓದಲು ಹಾಳೆಯನ್ನು ದೂರ ಹಿಡಿದರು, ಇನ್ನೂ ದೂರ ಹಿಡಿದರು, ಕಡೆಗೆ ಕೈಯೇ ಸಾಲದೆ ಹೋಯಿತು. ಓದುವ ಕನ್ನಡಕ ಬಂದು ಐದಾರು ವರ್ಷವಾಗಬೇಕಿತ್ತು. 

ನಾನು ನಮ್ಮ ಮದುವೆ ನಡೆದ ದೊಡ್ಡ ಹಾಲನ್ನೇ ತೆಗೆದುಕೊಳ್ಳೋಣ ಅಂದೆ. ನಾನೂರು ಜನ ಹಿಡಿಯುತ್ತದೆ. ಈ ರಸ್ತೆಯಲ್ಲಿ ನನ್ನ ಅಂಗಡಿಗೆ ಬಂದವರು, ಪಾಪುವನ್ನು ಎತ್ತಿ ಆಡಿಸಿದವರು ಎಲ್ಲರೂ ಬರಲಿ. ಆಕೆ ನೂರೈವತ್ತು ಜನ ಸಾಕು ಅಂದರು. ಆ ಮನುಷ್ಯ ಡ್ರಾಯಿಂಗ್ ಮೇಷ್ಟ್ರಾಗಿರುವ ಶಾಲೆಯ ಹಾಲ್ ರಜೆಯಲ್ಲಿ ಸಿಗುತ್ತದಂತೆ. ನಾನು ಬೇಡ ಅಂದೆ. ಅಲ್ಲಿಯವರೆಗೂ ಇಬ್ಬರೂ ಮೆಲ್ಲಗೇ ಮಾತಾಡಿದೆವು. 'ನೀವು ಹೇಳಿ', 'ಇಲ್ಲ, ನೀವೇ ಹೇಳಿ' ಅಂತ, ಬ್ಯಾಂಕಿನಲ್ಲಿ ಮಾತಾಡುವ ಹಾಗೆ.

ಆಮೇಲೆ ಕಾರ್ಡಿನ ಮಾತು ಬಂತು. ಕರೆಯುವವರ ಜಾಗದಲ್ಲಿ ಮೇಷ್ಟ್ರ ಹೆಸರೂ ಇರಬೇಕು ಅಂದರು.

"ಅವಳನ್ನ ಹನ್ನೊಂದು ವರ್ಷ ನೋಡ್ಕೊಂಡಿದಾರೆ. ಊಟಕ್ಕೆ ಬಂದ ನೆಂಟರ ಹಾಗೆ ಮೂಲೇಲಿ ನಿಲ್ಲಿಸೋಕೆ ನನ್ನಿಂದ ಆಗಲ್ಲ."

ಹಾಗಾದರೆ ನನ್ನ ಹೆಸರು ಬೇಡ, ಅವರದ್ದೇ ಹಾಕಿಸಿಕೊಳ್ಳಿ ಅಂದು ಎದ್ದು ಬಂದೆ. ನನ್ನ ಮನೆ ಮುರಿದವನ ಹೆಸರು ನನ್ನ ಹೆಸರಿನ ಪಕ್ಕದಲ್ಲಿ! ನನ್ನದೇನು ತಪ್ಪಿತ್ತು? ಕುಡಿದವನಲ್ಲ, ಕೈ ಎತ್ತಿದವನಲ್ಲ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಅಂಗಡಿಯಲ್ಲಿ ದುಡಿದೆ. ಅಷ್ಟೇ.

ಫೆಬ್ರವರಿ 13, ಸೋಮವಾರ

ಅಂಗಡಿ. ಬರೆಯುವಂಥದ್ದೇನೂ ಇಲ್ಲ.

ಫೆಬ್ರವರಿ 15, ಬುಧವಾರ

ಹಟಕ್ಕೆ ಬಿದ್ದು ದೊಡ್ಡ ಹಾಲ್ ನೋಡಿ ಬರೋಣ ಅಂತ ಹೊರಟೆ. ಮಧ್ಯಾಹ್ನ ಒಂದು ಗಂಟೆ ಹೊತ್ತು ಅಂಗಡಿಗೆ ಬೀಗ. ವಾರದ ದಿನ ಹೀಗೆ ಬೀಗ ಹಾಕಿ ಎಷ್ಟು ವರ್ಷವಾಯಿತೋ. ಪಕ್ಕದ ಔಷಧಿ ಅಂಗಡಿಯವರು ಗಾಬರಿಯಾಗಿ ಹುಷಾರಿದ್ದೀರಾ ಅಂತ ಕೇಳಿದರು.

ಹಾಲ್ ಇಲ್ಲ. ಕಟ್ಟಡ ಅದೇ, ಕಂಬಗಳೂ ಅವೇ. ಒಳಗೆ ಮಂಚ, ಸೋಫಾ, ಬೀರು ಮಾರುತ್ತಾರೆ. ಕತ್ತಿಗೆ ಟೈ ಕಟ್ಟಿದ ಒಬ್ಬರು ಹಿಂದೆ ಹಿಂದೆಯೇ ಬಂದು, ಡಬಲ್ ಬೇಕಾ ಸಿಂಗಲ್ಲಾ ಅಂತ ಕೇಳಿದರು. ಸುಮ್ಮನೆ ನೋಡುತ್ತಿದ್ದೇನೆ ಅಂದೆ.

ಎಡಗಡೆಯ ಮೂರನೆಯ ಕಂಬದ ಹತ್ತಿರ ನಮ್ಮನ್ನು ಕೂರಿಸಿದ್ದರು. ಅವತ್ತು ಊಟದ ಹೊತ್ತಿಗೆ ಕರೆಂಟು ಹೋಯಿತು. ಫ್ಯಾನಿಲ್ಲ, ದೀಪವಿಲ್ಲ. ನಾನೂರು ಜನರಿಗೆ ಕಿಟಕಿ ಬೆಳಕಲ್ಲೇ ಊಟ. ಬೆವರಿ ನನ್ನ ಕನ್ನಡಕ ಮೂಗಿನಿಂದ ಜಾರುತ್ತಲೇ ಇತ್ತು. ಕನ್ನಡಕದ ಅಂಗಡಿಯವರ ಮಗನ ಕನ್ನಡಕವೇ ನಿಲ್ಲುತ್ತಿಲ್ಲವಲ್ಲ ಅಂತ ಆಕೆ ಬಗ್ಗಿ ನಗುತ್ತಿದ್ದಳು. ಫೋಟೋದವರ ಫಿಲ್ಮು ಹಾಳಾಗಿ ಮೂರೇ ಚಿತ್ರ ಬಂದವು. ಮೂರರಲ್ಲೂ ಆಕೆ ಬಗ್ಗಿಕೊಂಡಿದ್ದಾಳೆ, ಮುಖವಿಲ್ಲ, ಬರೀ ನಗುವ ಬೆನ್ನು.

ಆ ಜಾಗದಲ್ಲಿ ಈಗ ಒಂದು ಕಪಾಟಿದೆ. ಬಾಗಿಲಿನ ಕನ್ನಡಿಯಲ್ಲಿ ಒಬ್ಬ ಮುದುಕ ನಿಂತಿದ್ದ. ಹಾಳಾಗಿ ಹೋಗಲಿ ಅಂತ ಬಂದುಬಿಟ್ಟೆ.

ಫೆಬ್ರವರಿ 19, ಭಾನುವಾರ

ಪಾಪು ಬಂದಿದ್ದಳು. ಬೇಕರಿಯಲ್ಲಿ ಆದದ್ದು ತಿಳಿದಿದೆ. ಜಗಳಕ್ಕೆ ಬಂದಳು ಅಂದುಕೊಂಡೆ, ಇಲ್ಲ. ನನ್ನ ಬಟ್ಟೆಗಳನ್ನು ಮಡಿಸುತ್ತಾ, ನಾಳೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ ಅನ್ನುವಷ್ಟೇ ಸಾಧಾರಣವಾಗಿ ಹೇಳಿದಳು. ಹಾಲ್ ಬೇಡ, ಕಾರ್ಡೂ ಬೇಡ. ಅವರಿಬ್ಬರು, ಮೂವರು ಸಾಕ್ಷಿಗಳು, ಸಹಿ ಹಾಕಿ ಹಾಗೇ ಪಾಳಿಗೆ ಹೋಗುತ್ತಾರಂತೆ.

"ಯಾರನ್ನ ಕರೆದ್ರೆ ಯಾರಿಗೆ ಬೇಜಾರು ಅಂತ ಯೋಚ್ನೆ ಮಾಡಿ ಮಾಡಿ ಸಾಕಾಗಿದೆ ಅಪ್ಪ. ಈಗಿಂದಲ್ಲ."

ಒಳ್ಳೆಯದಾಯಿತು, ಎಲ್ಲರಿಗೂ ತೊಂದರೆ ತಪ್ಪಿತು ಅಂದೆ.

ಅವಳು ಮಡಿಸಿಟ್ಟು ಹೋದ ಬಟ್ಟೆಯನ್ನು ಇನ್ನೂ ಬೀರುವಿಗೆ ಹಾಕಿಲ್ಲ. 'ಈಗಿಂದಲ್ಲ' ಅಂದದ್ದು ಯಾಕೆ?

ಫೆಬ್ರವರಿ 23, ಗುರುವಾರ

ಹನ್ನೊಂದು ಗಂಟೆಗೆ ಅಂಗಡಿಯಲ್ಲಿ ಯಾರೂ ಇರಲಿಲ್ಲ. ತಲೆ ಎತ್ತಿದರೆ ಆಕೆ ಬಾಗಿಲಲ್ಲಿ ನಿಂತಿದ್ದಾರೆ.

ಜಗಳವಾಡಲು ಬಂದಿಲ್ಲ, ಕಣ್ಣು ತೋರಿಸಲು ಬಂದೆ ಅಂದರು. ಊರಲ್ಲಿ ಬೇರೆ ಅಂಗಡಿ ಇಲ್ಲವೇ ಅಂತ ನಾನು ಕೇಳಲಿಲ್ಲ. ಒಳಗಿನ ಕೋಣೆಗೆ ಕರೆದೆ. ಕೋಣೆ ಕಿರಿದು. ಪರೀಕ್ಷೆ ಮಾಡುವವನ ಮೊಣಕಾಲಿಗೂ ಎದುರಿಗೆ ಕೂತವರ ಮೊಣಕಾಲಿಗೂ ಒಂದು ಗೇಣು ಅಂತರ. ಅಪ್ಪನ ಕಾಲದಿಂದ ಹಾಗೇ ಇದೆ.

ಗೋಡೆಯ ಮೇಲಿನ ಅಕ್ಷರದ ಬೋರ್ಡು ಓದಲು ಹೇಳಿದೆ. ಮೇಲಿನಿಂದ ಕೆಳಗಿನವರೆಗೂ, ಇರುವೆಯಂಥ ಅಕ್ಷರಗಳನ್ನೂ ಸೇರಿಸಿ, ಗಡಗಡ ಹೇಳಿ ಮುಗಿಸಿದಳು. ಈ ವಯಸ್ಸಿಗೆ ಇಂಥ ದೃಷ್ಟಿಯೇ ಅಂತ ಆಶ್ಚರ್ಯಪಟ್ಟು ತಿರುಗಿದರೆ ಕಣ್ಣು ಮುಚ್ಚಿಕೊಂಡಿದ್ದಾಳೆ.

"ಇದು ನಂಗೆ ಬಾಯಿಪಾಠ," ಅಂದಳು. "ಇನ್ನೂ ಇದನ್ನೇ ಇಟ್ಕೊಂಡಿದೀರಲ್ಲ. ಬೇರೆ ಇಲ್ವಾ?"

ಮದುವೆಯಾದ ಹೊಸತರಲ್ಲಿ ಮಧ್ಯಾಹ್ನ ಊಟದ ಡಬ್ಬಿ ತಂದು, ನಾನು ಕೆಲಸ ಮುಗಿಸುವವರೆಗೆ ಇದೇ ಕುರ್ಚಿಯಲ್ಲಿ ಕಾಯುತ್ತಿದ್ದಳು. ಎದುರಿಗೆ ಇದ್ದದ್ದು ಈ ಬೋರ್ಡೊಂದೇ. ಎಷ್ಟು ಮಧ್ಯಾಹ್ನ ಕಾಯಿಸಿದ್ದರೆ ಅಷ್ಟೂ ಸಾಲು ಬಾಯಿಪಾಠವಾಗಿರಬೇಕು! ಬೋರ್ಡಿನ ಹಿಂಭಾಗದಲ್ಲಿ ಬೇರೆ ಅಕ್ಷರಗಳಿವೆ, ತಿರುಗಿಸಿ ಹಾಕಿದೆ. ಅದನ್ನು ತಡವರಿಸಿದಳು. ಆಮೇಲೆ ಹತ್ತಿರದ ಓದಿನ ಕಾರ್ಡು ಕೈಗೆ ಕೊಟ್ಟು, ಒಂದೊಂದೇ ಗಾಜು ಬದಲಾಯಿಸುತ್ತಾ ಬಂದೆ. ಇದು ಚೆನ್ನಾಗಿದೆಯಾ, ಇದಾ, ಮೊದಲಿನದ್ದಾ. ದಿನಕ್ಕೆ ಇಪ್ಪತ್ತು ಜನರಿಗೆ ಕೇಳುವ ಪ್ರಶ್ನೆಗಳು.

"ತಲೆ ಅಲ್ಲಾಡಿಸ್ಬೇಡ," ಅಂದೆ. "ಕೆಳಗೆ ನೋಡು. ಹಾಂ, ಈಗ ಓದು."

ಅವಳು ಓದಲಿಲ್ಲ. ಪರೀಕ್ಷೆಯ ದಪ್ಪ ಫ್ರೇಮಿನೊಳಗಿಂದ ನನ್ನನ್ನು ನೋಡಿ ಸ್ವಲ್ಪ ನಕ್ಕಳು. ಯಾಕೆ ಅಂತ ತಿಳಿಯಲಿಲ್ಲ. ಆಮೇಲೆ ಓದಿದಳು.

ಹೋಗುವಾಗ ಪಾಪುವಿನ ಮಾತು ತೆಗೆದಳು. ಅವಳು ಹಟ ಮಾಡುತ್ತಿಲ್ಲ, ದಣಿದಿದ್ದಾಳೆ ಅಂದಳು. ಫ್ರೇಮು ನೀವೇ ಆರಿಸಿ ಅಂತ ಹೇಳಿ ಹೋದಳು.

ಫೆಬ್ರವರಿ 24, ಶುಕ್ರವಾರ

ಬೆಳಿಗ್ಗೆ ಐದಕ್ಕೇ ಎಚ್ಚರವಾಯಿತು. ಬರೆಯಬೇಕಾದ್ದೊಂದಿದೆ.

ಅವಳ ಅಪ್ಪ ತೀರಿಕೊಂಡ ದಿನ ಹತ್ತು ಗಂಟೆಗೆ ಅಂಗಡಿಗೆ ಫೋನ್ ಬಂತು. ಅವಳ ತವರು ಎರಡು ಗಂಟೆಯ ದಾರಿ. ಅವತ್ತು ಒಂದು ಶಾಲೆಯ ನಲವತ್ತು ಮಕ್ಕಳು ಕಣ್ಣು ಪರೀಕ್ಷೆಗೆ ಬಂದು ಸಾಲಾಗಿ ನಿಂತಿದ್ದರು. ಅವರನ್ನು ಮುಗಿಸಿ ಹೊರಡೋಣ ಅಂದುಕೊಂಡೆ. ಮುಗಿಸಿದೆ. ನಾನು ಹೋಗಿ ಮುಟ್ಟುವಾಗ ಎಲ್ಲ ಮುಗಿದು, ಬಂದವರೂ ಹೊರಟು, ಅಂಗಳ ತೊಳೆದಿದ್ದರು. ಅವಳು ಹತ್ತು ವರ್ಷದ ಪಾಪುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಳು. ಊಟ ಆಯ್ತಾ ಅಂತ ನನ್ನನ್ನು ಕೇಳಿದಳು. ಬೈಯಲಿಲ್ಲ. ಆಮೇಲೂ ಯಾವತ್ತೂ ಬೈಯಲಿಲ್ಲ.

ಎರಡು ವರ್ಷ ಬಿಟ್ಟು ಹೊರಟುಹೋದಳು. ಅವಳು ಹೋದಾಗ ಮೇಷ್ಟ್ರು ಅನ್ನುವವರೊಬ್ಬರು ಇದ್ದಾರೆ ಅಂತಲೂ ಅವಳಿಗೆ ಗೊತ್ತಿರಲಿಲ್ಲ. ಅವರು ಬಂದದ್ದು ಇನ್ನೂ ಎರಡು ವರ್ಷದ ಮೇಲೆ. ಇದು ನನಗೆ ಗೊತ್ತಿತ್ತು. ಮೊದಲಿಂದಲೂ ಗೊತ್ತಿತ್ತು.

ಮಾರ್ಚ್ 1, ಬುಧವಾರ

ಮಧ್ಯಾಹ್ನ ಹುಡುಗ ಒಬ್ಬನೇ ಬಂದ. ಕನ್ನಡಕದ ಕಡ್ಡಿ ಸಡಿಲವಾಗಿದೆ ಅಂದ. ಬಿಗಿ ಮಾಡಿ ಕೊಟ್ಟರೂ ಹೋಗಲಿಲ್ಲ. ಫ್ರೇಮುಗಳನ್ನು ನೋಡುತ್ತಾ ನಿಂತ. ಕೂರು ಅಂದೆ.

ಅವನಿಗೆ ದೊಡ್ಡ ಮದುವೆ ಬೇಕಿಲ್ಲವಂತೆ. ಆದರೆ ಪಾಪು ರಿಜಿಸ್ಟರ್ ಕಚೇರಿಗೆ ಇಬ್ಬರೇ ಹೋಗೋಣ ಅನ್ನುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾಳೆ, ಅದು ಅವನಿಂದ ನೋಡಲಾಗದು ಅಂದ.

"ಮೇಷ್ಟ್ರಪ್ಪನೂ ಹೇಳಿ ನೋಡಿದ್ರು, ಅವಳು ಕೇಳ್ತಿಲ್ಲ," ಅಂದವನು ತುಟಿ ಕಚ್ಚಿಕೊಂಡ.

ಏನಂದೆ ಅಂತ ಕೇಳಿದೆ.  ಬಿಡಿಸಿ ಬಿಡಿಸಿ ಕೇಳಿದ ಮೇಲೆ ಹೇಳಿದ. ಅವಳು ಹದಿನೈದು ವರ್ಷದವಳಿದ್ದಾಗಿನಿಂದ ಅವರನ್ನು ಕರೆಯುವುದೇ ಹಾಗೆ. ನನ್ನೆದುರು ಮಾತ್ರ ಮೇಷ್ಟ್ರು. ಅಪ್ಪನ ಮುಂದೆ ಬಾಯಿ ತಪ್ಪಿ ಅಂದುಬಿಟ್ಟೀಯ ಅಂತ ಇವನಿಗೂ ಮೊದಲ ದಿನವೇ ಹೇಳಿಕೊಟ್ಟಿದ್ದಳಂತೆ.

ಶನಿವಾರ ಶನಿವಾರ ನನ್ನ ಮನೆಗೆ ಬರುತ್ತಿದ್ದಳು. ಹದಿನೈದು ವರ್ಷದ ಹುಡುಗಿ ಈ ಮೆಟ್ಟಿಲು ಹತ್ತುವ ಮೊದಲು ಮೇಷ್ಟ್ರಪ್ಪ ಅನ್ನುವುದರಿಂದ 'ಅಪ್ಪ' ಅನ್ನುವಷ್ಟನ್ನು ಕಿತ್ತು ಕೆಳಗಿಟ್ಟು ಬರುತ್ತಿದ್ದಳು. ವಾಪಸ್ಸು ಹೋಗುವಾಗ ಎತ್ತಿಕೊಂಡು ಹೋಗುತ್ತಿದ್ದಳು. ನನಗೆ ನೋವಾಗಬಾರದು ಅಂತ. ಒಂದು ಸಲವೂ ಮರೆತಿಲ್ಲ.

ಹುಡುಗ ಕ್ಷಮಿಸಿ ಅಂದ. ನೀನು ಒಳ್ಳೆಯ ಕೆಲಸ ಮಾಡಿದೆ ಅಂದೆ.

ಮಾರ್ಚ್ 2, ಗುರುವಾರ

ಒಬ್ಬರ ಎಡಗಣ್ಣಿನ ಲೆನ್ಸ್ ಬಲಕ್ಕೆ ಹಾಕಿ ಕೊಟ್ಟುಬಿಟ್ಟೆ. ಅವರು ವಾಪಸ್ಸು ಬಂದು ನಗುತ್ತಾ ಹೇಳಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ.

ಮಾರ್ಚ್ 5, ಭಾನುವಾರ

ಪಾಪುವಿನ ಅಮ್ಮನ ಕನ್ನಡಕ ತಯಾರಾಗಿತ್ತು. ಮನೆಗೇ ತಲುಪಿಸೋಣ ಅಂತ ಹತ್ತು ಗಂಟೆಗೆ ಹೊರಟೆ. ವಿಳಾಸ ಗೊತ್ತು, ಒಳಗೆ ಹೋದದ್ದು ಇದೇ ಮೊದಲು.

ಬಾಗಿಲು ತೆಗೆದದ್ದು ಮೇಷ್ಟ್ರು. ನಾನು ಅಂದುಕೊಂಡಿದ್ದಕ್ಕಿಂತ ಗಿಡ್ಡ, ನನಗಿಂತ ತೆಳ್ಳಗೆ. ಬೆರಳಲ್ಲಿ ಬಣ್ಣ ಅಂಟಿತ್ತು. ಅದನ್ನು ಅಂಗಿಗೆ ಒರೆಸಿ ಕೈ ಕೊಡಲೋ ಬೇಡವೋ ಅಂತ ನಿಂತರು. ನಾನೇ ಕೈ ಚಾಚಿದೆ. ಅಂಗೈಯಲ್ಲಿ ಇನ್ನೂ ನೀಲಿ ಇದೆ, ಸೋಪಿಗೆ ಹೋಗಿಲ್ಲ.

ಅವಳು ಕನ್ನಡಕ ಹಾಕಿಕೊಂಡು ತನ್ನ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದಳು. ತನ್ನ ಕೈಯನ್ನೂ ತಿರುಗಿಸಿ ನೋಡಿಕೊಂಡು, ಇಷ್ಟೊಂದು ಗೆರೆ ಯಾವಾಗ ಬಂದವು, ಕಾಣದೇ ಇದ್ದದ್ದೇ ವಾಸಿಯಿತ್ತು ಅಂದಳು. ಮೂವರೂ ನಕ್ಕೆವು. 

ಪಾಪು ಆಸ್ಪತ್ರೆಯ ಪಾಳಿಯಲ್ಲಿದ್ದಳು. ಒಂದು ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಅವಳ ನೀಲಿ ಕೋಟು ಕುರ್ಚಿಯ ಬೆನ್ನಿಗೆ ತೂಗಿತ್ತು. ಅವಳು ಶನಿವಾರ ನನ್ನ ಮನೆಗೆ ಯಾವ ಬಸ್ಸಿನಲ್ಲಿ ಬರುತ್ತಿದ್ದಳು ಅಂತ ಸುಮ್ಮನೆ ಮಾತಿಗೆ ಕೇಳಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಕಡೆಗೆ ಅವಳೇ ಹೇಳಿದಳು. ಪಾಪು ಬಸ್ಸಲ್ಲಿ ಬರುತ್ತಿರಲಿಲ್ಲ. ಮೇಷ್ಟ್ರು ಸ್ಕೂಟರಿನಲ್ಲಿ ಕರೆತಂದು ನಮ್ಮ ರಸ್ತೆಯ ತಿರುವಿನಲ್ಲಿ ಇಳಿಸಿ, ಅವಳು ನನ್ನ ಮೆಟ್ಟಿಲು ಹತ್ತುವುದು ಕಾಣುವವರೆಗೆ ಅಲ್ಲೇ ನಿಂತು ಹೋಗುತ್ತಿದ್ದರು. ಅಂಗಡಿಯ ಮುಂದೆ ಬಂದರೆ ನನಗೆ ಕಸಿವಿಸಿಯಾದೀತು ಅಂತ. ಕಾಲೇಜು ಮುಗಿಯುವವರೆಗೂ.

ಮೇಷ್ಟ್ರು ಆ ಮಾತನ್ನು ಅಲ್ಲಿಗೇ ತಡೆದರು.

"ಕಾರ್ಡಿನ ವಿಷಯ ಒಂದು ಹೇಳ್ಬಿಡ್ತೀನಿ," ಅಂದರು. "ನನ್ ಹೆಸರು ಬೇಡ. ಇವಳಿಗೂ ಹೇಳಿದೀನಿ. ನೀವು ತಂದೆ, ಅದ್ರಲ್ಲಿ ಗೊಂದಲ ಇರ್ಬಾರ್ದು. ನಮ್ ಮೂವರಿಂದಾಗಿ ಆ ಮಗು ಕದ್ದು ಮದುವೆ ಆಗೋದು ಬೇಡ."

 ಕಾರ್ಡಿನ ಬರಹ ನಾನು ಬರೆಯುತ್ತೇನೆ, ಅಚ್ಚು ಹಾಕಿಸುವುದೂ ನನಗಿರಲಿ ಅಂದೆ. ಆಗಲಿ ಅಂದರು.

ಉಳಿದದ್ದೆಲ್ಲ ಅರ್ಧ ಗಂಟೆಯಲ್ಲಿ ಮುಗಿಯಿತು. ಮೇ ಹನ್ನೆರಡು ಶುಕ್ರವಾರ ರಿಜಿಸ್ಟರ್ ಕಚೇರಿ, ಹದಿನಾಲ್ಕು ಭಾನುವಾರ ಊಟ. ಶಾಲೆಯ ಹಾಲ್. ಅದಕ್ಕೆ ಎರಡೂ ಕಡೆ ಕಿಟಕಿಗಳಿವೆಯಂತೆ, ಕರೆಂಟು ಹೋದರೂ ತೊಂದರೆಯಿಲ್ಲ ಅಂದೆ. ಅವಳು ತಲೆ ತಗ್ಗಿಸಿ ಪಟ್ಟಿಯಲ್ಲಿ ಏನೋ ತಿದ್ದಿದಳು, ಭುಜ ಅಲುಗುತ್ತಿತ್ತು. ನೂರೈವತ್ತು ಜನ, ನನ್ನ ರಸ್ತೆಯವರಿಗಾಗಿ ಇನ್ನೊಂದು ಇಪ್ಪತ್ತು. ಆ ಇಪ್ಪತ್ತನ್ನು ಸೇರಿಸಿದ್ದು ಮೇಷ್ಟ್ರೇ. ಅಲ್ಲೇ ಊಟ ಮಾಡಿ ಬಂದೆ.

ಮಾರ್ಚ್ 11, ಶನಿವಾರ

ಪಾಪು ರಾತ್ರಿ ಪಾಳಿ ಮುಗಿಸಿ ನೇರ ಅಂಗಡಿಗೆ ಬಂದಳು. ನಾವು ಮೂವರು ಕೂತದ್ದು ಅವಳಿಗೆ ತಿಳಿದಿದೆ. ಏನು ಮಾತಾಡಿದಿರಿ ಅಂತ ಕೇಳಲಿಲ್ಲ. ಒಳಗಿನ ಕುರ್ಚಿಯಲ್ಲಿ ಕಾಲು ಮಡಚಿ ಕೂತು ನಿದ್ದೆ ಹೋದಳು. ಭಾನುವಾರ ಅರ್ಧ ದಿನ ಅಂಗಡಿ ತೆರೆಯುತ್ತಿದ್ದಾಗ, ಚಿಕ್ಕವಳು ಹೀಗೇ ಮಲಗಿರುತ್ತಿದ್ದಳು. ಗಿರಾಕಿಗಳು ಬಂದರೆ ಪಿಸುಮಾತಲ್ಲಿ ವ್ಯಾಪಾರ ಮಾಡುತ್ತಿದ್ದೆ. ಇವತ್ತೂ ಇಬ್ಬರು ಬಂದರು. ಸೋಮವಾರ ಬನ್ನಿ ಅಂತ ಕಳಿಸಿ ಬಾಗಿಲು ಅರ್ಧ ಎಳೆದುಕೊಂಡೆ.

ಎದ್ದವಳು ಕೇಳಿದ್ದು ಒಂದೇ. ಕಾರ್ಡಲ್ಲಿ ಏನು ಬರೆದೆ? ಇನ್ನೂ ಬರೆದಿಲ್ಲ ಅಂದೆ. ಸುಳ್ಳು. ಆರು ಸಲ ಬರೆದು ಹರಿದಿದ್ದೇನೆ.

ಮಾರ್ಚ್ 14, ಮಂಗಳವಾರ

ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಪ್ರೆಸ್ಸಿಗೆ ಹೋದೆ. ಬರಹ ಕೊಟ್ಟು ಕೂತೆ. ಪ್ರೆಸ್ಸಿನವರು ನನ್ನ ವಯಸ್ಸಿನವರು, ನನ್ನಿಂದಲೇ ಕನ್ನಡಕ ಮಾಡಿಸಿಕೊಂಡವರು. ಅದನ್ನು ಮೂಗಿನ ತುದಿಗೆ ಇಳಿಸಿ ಎರಡು ಸಲ ಓದಿದರು.

"ಇಲ್ಲಿ ಏನೋ ತಪ್ಪಾಗಿದೆ ನೋಡಿ," ಅಂದರು. "ಅಪ್ಪ ಅಂತ ಎರಡು ಕಡೆ ಬಂದಿದೆ. ಒಂದು ತೆಗೀಲಾ?"

"ಬೇಡ. ಎರಡೂ ಇರ್ಲಿ."

ಅವರು ಕಂಪ್ಯೂಟರಿನ ಮುಂದೆ ಕೂತು ಜೋಡಿಸತೊಡಗಿದರು. ಅಕ್ಷರದ ಗಾತ್ರ ಮೂರು ಹೆಸರಿಗೂ ಒಂದೇ ಇರಬೇಕು, ಒಂದೇ ಸಾಲಿನಲ್ಲಿ ಬರಬೇಕು ಅಂತ ಮಾತ್ರ ಹೇಳಿದೆ. ಸಾಲು ಉದ್ದವಾಗುತ್ತದೆ ಅಂದರು. ಹಾಗಾದರೆ ಕಾರ್ಡನ್ನು ಅಗಲ ಮಾಡಿ ಅಂದೆ.

ಮಾದರಿ ಪ್ರತಿ ಹಿಡಿದು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಿದ್ದೆ. ಅಷ್ಟರಲ್ಲಿ ಪಾಪುವಿನ ಫೋನ್. ಅಂಗಡಿಗೆ ಹೋಗಿದ್ದಳಂತೆ, ಬೀಗ ನೋಡಿ ಹೆದರಿದ್ದಳು. ಎಲ್ಲಿದ್ದೀಯ ಅಂದಳು. ಪ್ರೆಸ್ಸಿನ ಹತ್ತಿರ ಅಂದೆ. ಹಾಗಾದರೆ ಏನು ಹಾಕಿಸಿದೆ, ಓದು ಅಂದಳು. ರಸ್ತೆಯಲ್ಲಿ ಲಾರಿಗಳ ಸದ್ದು. ಒಂದು ಕಿವಿ ಮುಚ್ಚಿಕೊಂಡು ಓದಿದೆ.

'ನಮ್ಮ ಮಗಳ ಮದುವೆ. ನೀವು ಬಂದು ನಮ್ಮ ಜೊತೆ ಊಟ ಮಾಡಬೇಕು. ಇಂತಿ, ಅವಳ ಅಮ್ಮ, ಅವಳ ಅಪ್ಪ, ಅವಳ ಮೇಷ್ಟ್ರಪ್ಪ.' ಪ್ರತಿಯೊಂದರ ಮುಂದೆ ಅವರವರ ಹೆಸರು.

 ಫೋನ್ ಕಟ್ಟಾಯಿತೇನೋ ಅಂತ ಹಲೋ ಹಲೋ ಅಂದೆ.

"ಇದೀನಿ ಅಪ್ಪ," ಅಂದಳು, ಮೂಗು ಕಟ್ಟಿದ ಧ್ವನಿಯಲ್ಲಿ. "ಕಡೇ ಸಾಲು ಇನ್ನೊಂದು ಸಲ ಓದು. ನಿಧಾನಕ್ಕೆ."

ಲಾರಿ ಹೋಗಲಿ ಅಂತ ಕಾದು, ಮತ್ತೆ ಓದಿದೆ.